ಬಾಯಿಯುಂಟು, ಕಿವಿಯಿಲ್ಲ

ಮಧ್ಯಮ ವರ್ಗದ ಮನೆಯಲ್ಲಿ ವಸ್ತುಗಳಿಗೂ ಆಶ್ರಮಧರ್ಮವುಂಟು. ನಡುಮನೆಯಲ್ಲಿದ್ದಷ್ಟು ಕಾಲ ಗೃಹಸ್ಥಾಶ್ರಮ; ಮೂಲೆಗೆ ಸರಿದಾಗ ವಾನಪ್ರಸ್ಥ; ಅಟ್ಟವೇರಿದ ಮೇಲೆ ಸಂನ್ಯಾಸ. ತಾಮ್ರದ ಹಂಡೆ, ವಾಲ್ವಿನ ರೇಡಿಯೋ, ಕಾಲಿನಿಂದ ತುಳಿಯುವ ಹೊಲಿಗೆಯ ಯಂತ್ರ ಎಲ್ಲವೂ ಈ ದಾರಿಯಲ್ಲಿಯೇ ನಡೆದುಹೋದವು. ಆದರೆ ಜಯನಗರದ ರಾಯರ ಕಂಪ್ಯೂಟರಿಗೆ ಮಾತ್ರ ಸಂನ್ಯಾಸದ ಭಾಗ್ಯ ಕೂಡಿಬರಲಿಲ್ಲ. ರಾಯರು ಈಗಿರುವುದು ಮೂರನೆಯ ಅಂತಸ್ತಿನ ಫ್ಲಾಟಿನಲ್ಲಿ. ಅಲ್ಲಿ ಅಟ್ಟವೇ ಇಲ್ಲ.

ರಾಯರು ಪ್ರೌಢಶಾಲೆಯ ಕನ್ನಡ ಉಪಾಧ್ಯಾಯರಾಗಿದ್ದು ೨೦೧೪ರಲ್ಲಿ ನಿವೃತ್ತರಾದರು. ಕೈಗೆ ಬಂದ ಹಣದಲ್ಲಿ ಮೊದಲು ಕೊಂಡ ವಸ್ತುವೇ ಆ ಕಂಪ್ಯೂಟರು. ಮಗಳು ಆಗ ಇಂಜಿನಿಯರಿಂಗ್ ಓದುತ್ತಿದ್ದಳು. “ಇದು ಆಲ್-ಇನ್-ಒನ್ ಸಾರ್. ಮೇಜಿನ ಕೆಳಗೆ ಡಬ್ಬ ಇಲ್ಲ, ತಂತಿಗಳ ಜಂಜಾಟ ಇಲ್ಲ. ಎಲ್ಲಾ ಪರದೆಯ ಹಿಂದೇನೇ ಅಡಗಿದೆ,” ಎಂದು ಅಂಗಡಿಯವನು ವರ್ಣಿಸಿದ. ಮಿದುಳು, ನೆನಪು, ಕಣ್ಣು, ಕಂಠ ಎಲ್ಲವೂ ಒಂದೇ ಸೂರಿನಡಿಯಲ್ಲಿ! ಅವಿಭಕ್ತ ಕುಟುಂಬದಲ್ಲಿ ಹುಟ್ಟಿ ಬೆಳೆದ ರಾಯರಿಗೆ ಈ ವ್ಯವಸ್ಥೆ ಮೆಚ್ಚಿಕೆಯಾಯಿತು. ಇಪ್ಪತ್ತಮೂರು ಅಂಗುಲದ ಆ ಪರದೆಗೆ ಅವರ ಶ್ರೀಮತಿಯವರು ಕ್ರೋಷಾ ಹೆಣೆದ ಬಿಳಿಯ ಮುಸುಕನ್ನು ಹೊದಿಸಿದರು.

ಹನ್ನೊಂದು ವರ್ಷಗಳು ಕಳೆದವು. ಮಗಳು ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ ಮೈಸೂರಿಗೆ ಹೋದಳು. ಕಂಪ್ಯೂಟರಿನ ಮಿದುಳು ಮಾತ್ರ ಮುದಿಯಾಯಿತು. ಬೆಳಗ್ಗೆ ಗುಂಡಿಯೊತ್ತಿ ಸಂಧ್ಯಾವಂದನೆಗೆ ಕುಳಿತರೆ, ಅರ್ಘ್ಯ, ಜಪ ಮುಗಿಸಿ ಎದ್ದು ಬರುವ ಹೊತ್ತಿಗೆ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತಿತ್ತು. ಅದರಲ್ಲಿದ್ದ ವಿಂಡೋಸ್ ೧೦ ಎಂಬ ವ್ಯವಸ್ಥೆಗೆ ತಯಾರಕರು ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಅದರ ಮುಂದಿನದಾದ ವಿಂಡೋಸ್ ೧೧, ಅಷ್ಟು ಹಳೆಯ ಯಂತ್ರವನ್ನು ತನ್ನ ಹೊಸ್ತಿಲ ಬಳಿಗೂ ಬಿಟ್ಟುಕೊಳ್ಳದು. ಮಗಳು ತನ್ನದೊಂದು ಲ್ಯಾಪ್‌ಟಾಪನ್ನು ತಂದೆಗೆ ಕಳುಹಿಸಿಕೊಟ್ಟು, “ಅಪ್ಪ, ಹಳೇದನ್ನ ಗುಜರಿಗೆ ಹಾಕಿಬಿಡು,” ಎಂದಳು.

ರಾಯರು ಹಾಕಲಿಲ್ಲ, ಅದಕ್ಕೆ ಕಾರಣವಿತ್ತು.

ನಿವೃತ್ತಿಯ ಅನಂತರ ರಾಯರು ಒಬ್ಬ ಪ್ರಕಾಶಕರಿಗಾಗಿ ಕರಡು ತಿದ್ದುತ್ತಿದ್ದರು. ಬರುವ ಹಣ ಅಷ್ಟಕ್ಕಷ್ಟೇ. ಆದರೆ ಪುಟದ ಅಂಚಿನಲ್ಲಿ ತಿದ್ದುಪಡಿಯ ಗುರುತು ಹಾಕುವಾಗ ಅವರಿಗೆ, ತಾವಿನ್ನೂ ತರಗತಿಯಲ್ಲಿಯೇ ಇರುವಂತೆ ಒಂದು ನೆಮ್ಮದಿ. ಈಚೆಗೆ ಕರಡುಗಳು ಕಾಗದದಲ್ಲಿ ಬರುವುದು ನಿಂತು, ಕಂಪ್ಯೂಟರಿನ ಮೂಲಕವೇ ಬರತೊಡಗಿದವು. ಹಳೆಯ ಯಂತ್ರ ಅವುಗಳನ್ನು ತೆರೆಯಲಾರದೆ ಏದುಸಿರು ಬಿಡುತ್ತಿತ್ತು. ಹೊಸ ಲ್ಯಾಪ್‌ಟಾಪು ಕ್ಷಣಮಾತ್ರದಲ್ಲಿ ತೆರೆಯುತ್ತಿತ್ತು. ಆದರೆ ಅದರ ಪರದೆ ಹದಿನಾಲ್ಕೇ ಅಂಗುಲ. ಹಳೆಯ ಪರದೆಯ ವಿಸ್ತಾರ ಅದರ ಎರಡೂವರೆ ಪಟ್ಟಿಗೂ ಮಿಗಿಲು. ಲೇಖಕರ ಮೂಲಪ್ರತಿ ಒಂದು ಕಡೆ, ಕರಡು ಇನ್ನೊಂದು ಕಡೆ ಎಂದು ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಜೋಡಿಸಿಟ್ಟರೆ ಅಕ್ಷರಗಳು ಸಾಸಿವೆಯಾಗುತ್ತಿದ್ದವು. ಹಿಗ್ಗಿಸಿದರೆ ಸಾಲುಗಳು ಅಂಚಿನಾಚೆಗೆ ಓಡಿಹೋಗುತ್ತಿದ್ದವು.

ಕನ್ನಡದಲ್ಲಿ ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ಅಂತರ, ಕೆಳಗಿನ ಒಂದು ಪುಟ್ಟ ಸೀಳು. ಪೊರೆ ತೆಗೆಸಿಕೊಂಡ ಎಪ್ಪತ್ತೊಂದರ ಕಣ್ಣಿಗೆ ಆ ಸೀಳು ಒಂದು ದಿನ ಕಾಣಲಿಲ್ಲ. ಹಿರಿಯರೊಬ್ಬರ ಅಭಿನಂದನ ಗ್ರಂಥದಲ್ಲಿ, ಸಮಾರಂಭಕ್ಕೆ “ದನಸಹಾಯ” ಮಾಡಿದ ಮಹನೀಯರ ಪಟ್ಟಿ ಅಚ್ಚಾಗಿ ಹೊರಬಂದಿತು. ಧನವನ್ನಷ್ಟೇ ಕೊಟ್ಟಿದ್ದ ಮಹನೀಯರು ನಕ್ಕು ಸುಮ್ಮನಾದರು. ಪ್ರಕಾಶಕರು ನಗಲಿಲ್ಲ, ಬಯ್ಯಲೂ ಇಲ್ಲ. “ಯಾಕೆ ಕಣ್ಣಿಗೆ ಶ್ರಮ ಕೊಡ್ತೀರಿ ರಾಯರೆ? ಒಂದೆರಡು ತಿಂಗಳು ವಿಶ್ರಾಂತಿ ತೊಗೊಳ್ಳಿ,” ಎಂದರು. ಮೃದುವಾದ ಆ ಮಾತಿನ ಅರ್ಥ ರಾಯರಿಗೆ ತಿಳಿಯದೆ ಹೋಗಲಿಲ್ಲ. ಒಬ್ಬ ಮನುಷ್ಯನಿಗೆ ಒಂದು ನಿವೃತ್ತಿ ಸಾಕು, ಎರಡನೆಯದು ಭಾರ.

ಆ ರಾತ್ರಿ ರಾಯರ ದೃಷ್ಟಿ ಮೂಲೆಯ ಮುಸುಕಿನ ಮೇಲೆ ಬಿದ್ದಿತು. ಮಿದುಳು ಕೆಟ್ಟಿದ್ದರೇನು, ಕಣ್ಣು ಚೆನ್ನಾಗಿದೆಯಲ್ಲ! ಲ್ಯಾಪ್‌ಟಾಪಿನ ಮಿದುಳಿಗೆ ಆ ಕಣ್ಣನ್ನು ಜೋಡಿಸಿದರಾಯಿತು. ಹಳೆಯ ಯಂತ್ರದ ಬೆನ್ನು ತಡವಿ ನೋಡಿದರು. ಅಲ್ಲಿಯೂ ಎಚ್‌ಡಿಎಂಐ ಕಿಂಡಿ. ಲ್ಯಾಪ್‌ಟಾಪಿನ ಪಕ್ಕದಲ್ಲಿಯೂ ಅದೇ ಕಿಂಡಿ. ಬೆಳಗಾಗುತ್ತಲೇ ಕೇಬಲ್ಲೊಂದನ್ನು ತಂದು ಎರಡಕ್ಕೂ ಪಾಣಿಗ್ರಹಣ ಮಾಡಿಸಿದರು. ಫಲ ಸೊನ್ನೆ. ತಿರುಗಿಸಿ ಚುಚ್ಚಿದರು, ಆಗಲೂ ಸೊನ್ನೆ.

ದೀಪಾವಳಿಗೆ ಬಂದ ಮಗಳು ಇದನ್ನು ಕಂಡು ನಕ್ಕಳು.

“ಅಪ್ಪ, ಎರಡು ಕಡೆಯದೂ ಬಾಯಿ. ಲ್ಯಾಪ್‌ಟಾಪೂ ಮಾತಾಡತ್ತೆ, ಇದೂ ಮಾತಾಡತ್ತೆ. ಕೇಳೋರು ಯಾರು?”

“ಕಿಂಡಿ ಎರಡೂ ಒಂದೇ ಥರ ಇದೆಯಲ್ಲಮ್ಮ?”

“ನೋಡಕ್ಕೆ ಒಂದೇ. ಆದರೆ ಇದು ಚಿತ್ರ ಹೊರಗೆ ಕಳಿಸೋ ಕಿಂಡಿ, ಒಳಗೆ ಬರಮಾಡಿಕೊಳ್ಳೋದಲ್ಲ. ಕೆಲವು ಆಲ್-ಇನ್-ಒನ್‌ಗಳಿಗೆ ಕಿವೀನೂ ಇಟ್ಟಿರ್ತಾರೆ. ಕಿಂಡಿ ಪಕ್ಕದಲ್ಲಿ ‘ಇನ್’ ಅಂತ ಬರೆದಿರತ್ತೆ. ನಮ್ಮದಕ್ಕೆ ಇಟ್ಟಿಲ್ಲ.”

ಕೊಳ್ಳುವಾಗ ಅಂಗಡಿಯವನು ಇದನ್ನು ಹೇಳಿರಲಿಲ್ಲ. ರಾಯರೂ ಕೇಳಿರಲಿಲ್ಲ, ಮದುವೆಯ ದಿನ ಪಾಲಿನ ಪ್ರಶ್ನೆಯನ್ನು ಯಾರು ತಾನೇ ಎತ್ತುತ್ತಾರೆ?

ಎದುರುಮನೆಯ ಹುಡುಗನು ಚಲಚ್ಚಿತ್ರಗಳ ಸಂಕಲನ ಮಾಡುವವನು. ಅವನ ಬಳಿ ೨೦೧೦ರ ಐಮ್ಯಾಕ್ ಒಂದಿತ್ತು. ಅದೂ ಇಪ್ಪತ್ತೇಳು ಅಂಗುಲದ ಒಂದೇ ಮೈಯ ಯಂತ್ರ. ಅವನು ತನ್ನ ಲ್ಯಾಪ್‌ಟಾಪನ್ನು ತಕ್ಕ ಕೇಬಲ್ಲಿನಿಂದ ಅದಕ್ಕೆ ಸೇರಿಸಿ, ಕೀಲಿಮಣೆಯಲ್ಲಿ ‘ಕಮ್ಯಾಂಡ್’ ಮತ್ತು ‘ಎಫ್ ೨’ ಎರಡನ್ನೂ ಒಟ್ಟಿಗೆ ಒತ್ತಿದ. ತಟ್ಟನೆ ಐಮ್ಯಾಕ್ ತನ್ನ ಸ್ವಂತ ವ್ಯಾಪಾರವನ್ನು ಮರೆತು, ಲ್ಯಾಪ್‌ಟಾಪಿನ ಚಿತ್ರವನ್ನು ಮುಖದ ತುಂಬ ಧರಿಸಿಕೊಂಡಿತು. ರಾಯರಿಗೆ ಪರಕಾಯಪ್ರವೇಶವನ್ನು ಕಣ್ಣಾರೆ ಕಂಡಂತಾಯಿತು. ೨೦೦೯ರ ಕೊನೆಯಲ್ಲಿ ಬಂದ ಇಪ್ಪತ್ತೇಳು ಅಂಗುಲದ ಮಾದರಿಯಿಂದ ಈ ಸೌಕರ್ಯ ಮೊದಲಾಯಿತೆಂದೂ, ೨೦೧೪ರ ನಡುವಿನ ಮಾದರಿಗಳೊಡನೆ ಮುಗಿಯಿತೆಂದೂ ಹುಡುಗ ಹೇಳಿದ.

“ಅಷ್ಟು ಒಳ್ಳೇದನ್ನ ಯಾಕಪ್ಪಾ ನಿಲ್ಲಿಸಿದರು?”

ಹುಡುಗ ಲೆಕ್ಕ ಹಾಕಿ ತೋರಿಸಿದ. ಆ ವರ್ಷದ ಕೊನೆಗೆ ಬಂದ ಐಮ್ಯಾಕಿನ ಪರದೆ ಬಹು ಸೂಕ್ಷ್ಮವಾದುದು. ಅಡ್ಡಕ್ಕೆ ೫೧೨೦, ಉದ್ದಕ್ಕೆ ೨೮೮೦ ಚುಕ್ಕೆಗಳು, ಗುಣಿಸಿದರೆ ೧,೪೭,೪೫,೬೦೦. ಒಂದೊಂದು ಚುಕ್ಕೆಯ ಬಣ್ಣಕ್ಕೆ ೨೪ ಬಿಟ್ ವಿವರ. ಅದನ್ನು ಸೆಕೆಂಡಿಗೆ ಅರವತ್ತು ಸಲ ಹೊಸದಾಗಿ ಬರೆಯಬೇಕು. ಒಟ್ಟು ೨,೧೨೩ ಕೋಟಿ ಬಿಟ್. ಆಗಿನ ಡಿಸ್‌ಪ್ಲೇಪೋರ್ಟ್ ಕೇಬಲ್ಲು ಸೆಕೆಂಡಿಗೆ ಹೊರಬಲ್ಲ ಚಿತ್ರದ ಹೊರೆಯಾದರೋ ೧,೭೨೮ ಕೋಟಿ. ರಾಯರು ತಲೆದೂಗಿದರು. ಸ್ನಾನದ ಮನೆಯ ನಲ್ಲಿಯಲ್ಲಿ ಜೋಗದ ಜಲಪಾತವನ್ನು ಇಳಿಸುವುದೆಂತು? ಆದರೂ ಅವರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಕಣ್ಣು ತೀಕ್ಷ್ಣವಾದಷ್ಟೂ ಅತಿಥಿಗೆ ಬಾಗಿಲು ಮುಚ್ಚಿತಲ್ಲ!

ಮಗಳು ಊರಿಗೆ ಹೊರಡುವ ಮುನ್ನ ಇನ್ನೊಂದು ಉಪಾಯ ಮಾಡಿದಳು. ಇನ್ನೊಂದು ಯಂತ್ರದ ಚಿತ್ರವನ್ನು ತಂತಿಯ ಹಂಗಿಲ್ಲದೆ ಬರಮಾಡಿಕೊಳ್ಳುವ ಏರ್ಪಾಡು ವಿಂಡೋಸ್ ೧೦ರಲ್ಲಿ ೨೦೧೬ರಲ್ಲಿಯೇ ಸೇರಿತ್ತು. ಅದನ್ನು ಎಬ್ಬಿಸಿದಾಗ ಹಳೆಯ ಪರದೆಯ ಮೇಲೆ ನಿಜವಾಗಿಯೂ ಕರಡಿನ ಪುಟ ಮೂಡಿತು. ರಾಯರ ಸಂತೋಷ ಎರಡು ನಿಮಿಷ ಬಾಳಿತು. ಗಾಳಿಯಲ್ಲಿ ಬರುವ ಚಿತ್ರವನ್ನು ಯಂತ್ರಗಳು ಮೊದಲು ಹಿಂಡಿ ಕಿರಿದು ಮಾಡಿ, ಆಮೇಲೆ ಹರಡುತ್ತವೆ. ಸಿನಿಮಾ ನೋಡುವವರಿಗೆ ಅದು ತಿಳಿಯುವುದಿಲ್ಲ. ಆದರೆ ಅಕ್ಷರದ ಅಂಚು ಮಸುಳಿಸಿತು. ಇಲಿಯನ್ನು ಸರಿಸಿದರೆ ಬಾಣದ ಗುರುತು ಹಿಂದಿನಿಂದ ಎಳೆದುಕೊಂಡು ಬರುತ್ತಿತ್ತು. ಯಾವ ಸೀಳಿಗಾಗಿ ಇಷ್ಟೆಲ್ಲ ಹೆಣಗಾಟವೋ, ಆ ಸೀಳೇ ಮಂಜಿನಲ್ಲಿ ಮರೆಯಾಯಿತು. ಮೇಲಾಗಿ, ಇದಕ್ಕೆ ಮುದಿ ಮಿದುಳು ದಿನವೂ ಎದ್ದು ಕೂರಬೇಕು. ಅದಕ್ಕೆ ಆ ತ್ರಾಣವಿರಲಿಲ್ಲ.

ಕೊನೆಗೆ ರಾಯರು ಸಾದರ ಪತ್ರಪ್ಪ ರಸ್ತೆಗೆ ಹೋದರು. ಬೆಂಗಳೂರಿನವರು ಎಸ್.ಪಿ. ರೋಡ್ ಎಂದು ಕರೆಯುವ ಆ ಇಕ್ಕಟ್ಟಾದ ಬೀದಿಯಲ್ಲಿ ವಿದ್ಯುದ್ಯಂತ್ರಗಳ ಅಂಗಾಂಗಗಳೆಲ್ಲ ತರಕಾರಿಯಂತೆ ರಾಶಿಬಿದ್ದಿರುತ್ತವೆ. ರಿಪೇರಿಯ ಅಂಗಡಿಯೊಂದರ ತರುಣನು ಅವರ ಕಥೆಯನ್ನು ತಾಳ್ಮೆಯಿಂದ ಕೇಳಿದ.

“ಆಗತ್ತೆ ಸಾರ್. ಪರದೆಯ ಬೆನ್ನ ಮೇಲೆ ಒಂದು ಚೀಟಿ ಇರತ್ತೆ; ಅದರಲ್ಲಿ ನಂಬರ್ ಇರತ್ತೆ. ಆ ನಂಬರಿಗೆ ಒಪ್ಪೋ ಕಂಟ್ರೋಲರ್ ಬೋರ್ಡ್ ಹಾಕಿದರೆ ಅದೇ ಮಾನಿಟರ್. ನಂಬರ್ ತಪ್ಪಿದರೆ ಪರದೆ ಸುಟ್ಟುಹೋಗಬಹುದು. ಅದಕ್ಕೇ ಬಿಚ್ಚಿ ನೋಡದೆ ಮಾತು ಕೊಡಲ್ಲ. ನಿಮ್ಮ ಹಳೇ ಅಡಾಪ್ಟರ್ ಹತ್ತೊಂಬತ್ತು ವೋಲ್ಟು. ಈ ಬೋರ್ಡಿಗೆ ಹನ್ನೆರಡು ಸಾಕು, ಬೇರೆ ಕೊಡ್ತೀನಿ. ಎಲ್ಲಾ ಸೇರಿ ಎರಡು ಸಾವಿರದ ಎಂಟುನೂರು.”

“ಒಳಗಿರೋದು?”

“ಮದರ್‌ಬೋರ್ಡ್ ತೆಗೀಬೇಕು ಸಾರ್. ಕ್ಯಾಮೆರಾ ಕೆಲಸ ಮಾಡಲ್ಲ. ಹಾರ್ಡ್ ಡಿಸ್ಕ್ ನಿಮಗೇ ವಾಪಸ್. ಆಮೇಲೆ ಅದು ಕಂಪ್ಯೂಟರ್ ಅಲ್ಲ, ಬರೀ ಪರದೆ.”

ನ್ಯಾಯವಾದ ಮಾತು, ಆದರೂ ರಾಯರು “ನಾಳೆ ಬರ್ತೀನಪ್ಪ” ಎಂದು ಹಿಂದಿರುಗಿದರು. ದಾರಿಯುದ್ದಕ್ಕೂ ಅವರಿಗೆ ಒಂದೇ ಯೋಚನೆ. ಮಗಳು ತನ್ನ ಮೊದಲ ಅರ್ಜಿಯನ್ನು ಬೆರಳಚ್ಚು ಮಾಡಿದ್ದು ಅದರಲ್ಲಿ. ೨೦೨೦ರಲ್ಲಿ ಊರೆಲ್ಲ ಬಾಗಿಲು ಮುಚ್ಚಿದ್ದಾಗ ದೂರದ ಬಂಧುಗಳ ಮುಖ ಕಂಡದ್ದು ಅದರ ಕ್ಯಾಮೆರಾದಲ್ಲಿ. ಕೆಟ್ಟದ್ದನ್ನು ಎಸೆಯುವುದು ಬೇರೆ. ಉಸಿರಾಡುತ್ತಿರುವುದರ ಮೈ ಬಗೆದು ಕಣ್ಣೊಂದನ್ನು ಇಟ್ಟುಕೊಳ್ಳುವುದು ಬೇರೆ. “ಒಂದೆರಡು ತಿಂಗಳು ವಿಶ್ರಾಂತಿ ತೊಗೊಳ್ಳಿ” ಎಂಬ ಮಾತು ಮತ್ತೆ ಕಿವಿಯಲ್ಲಿ ಮೊಳಗಿತು.

ರಾತ್ರಿ ಊಟಕ್ಕೆ ಬಡಿಸುತ್ತ ಶ್ರೀಮತಿಯವರು ಎಲ್ಲವನ್ನೂ ಕೇಳಿದರು. ಮಜ್ಜಿಗೆ ಹಾಕುವಾಗ ನಿಧಾನವಾಗಿ ಹೇಳಿದರು:

“ಅಲ್ಲಾಂದ್ರೆ, ೨೦೦೬ರಲ್ಲಿ ರಾಜ್‌ಕುಮಾರ್ ಹೋದಾಗ ಕಣ್ಣು ದಾನ ಮಾಡಿದರು ಅಂತ ಓದಿ, ನೀವೇ ಅಲ್ವಾ ಮಾರನೇ ತಿಂಗಳು ನಮ್ಮಿಬ್ಬರ ಹೆಸರೂ ಬರೆಸಿ ಬಂದದ್ದು? ಮನುಷ್ಯರಿಗೆ ಆಗತ್ತೆ, ಆ ಡಬ್ಬಕ್ಕೆ ಆಗಬಾರದೆ?”

ರಾಯರು ಉತ್ತರ ಕೊಡಲಿಲ್ಲ. ಮಾರನೆಯ ದಿನ ಹಳೆಯ ದುಪ್ಪಟಿಯಲ್ಲಿ ಸುತ್ತಿದ ಯಂತ್ರವನ್ನು ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಪೇಟೆಗೆ ಹೋದರು. ತರುಣನು ಬೆನ್ನು ಬಿಚ್ಚಿ, ಧೂಳು ಊದಿ, ಚೀಟಿಯ ನಂಬರನ್ನು ಎರಡು ಸಲ ಗಟ್ಟಿಯಾಗಿ ಓದಿ ತಾಳೆ ನೋಡಿದ. ಮುಕ್ಕಾಲು ಗಂಟೆಯ ಮೇಲೆ ಅವನ ಮೇಜಿನ ಮೇಲೆ ಪರದೆ ಬೆಳಗಿತು. ಹಾರ್ಡ್ ಡಿಸ್ಕನ್ನು ಅವನು ವೃತ್ತಪತ್ರಿಕೆಯ ಚೂರಿನಲ್ಲಿ ಸುತ್ತಿ ಕೊಟ್ಟ; ರಾಯರು ಅದನ್ನು ಒಳಜೇಬಿನಲ್ಲಿಟ್ಟುಕೊಂಡರು.

ಪಾಲಾಗಿ ಬೇರೆಯಾದ ಮನೆಯಲ್ಲಿಯೂ ಅಡುಗೆ ನಡೆಯುತ್ತದೆ. ಹೊಸ ಬೋರ್ಡಿಗೆ ಬೇಕಾದ ಕಿವಿಯಿತ್ತು. ಲ್ಯಾಪ್‌ಟಾಪು ನುಡಿದುದೆಲ್ಲ ಅದಕ್ಕೆ ಕೇಳಿಸಿತು. ಎಡಗಡೆಯ ಪುಟ್ಟ ಪರದೆಯಲ್ಲಿ ಮೂಲಪ್ರತಿ, ಬಲಗಡೆಯ ದೊಡ್ಡದರಲ್ಲಿ ಕರಡು. ಅಕ್ಷರಗಳು ಕಪ್ಪುಹಲಗೆಯ ಮೇಲೆ ಬರೆದಂತೆ ನಿಚ್ಚಳವಾಗಿ ನಿಂತವು. ರಾಯರು ಪ್ರಕಾಶಕರಿಗೆ ಫೋನು ಮಾಡಿ, ವಿಶ್ರಾಂತಿ ಮುಗಿಯಿತೆಂದು ತಿಳಿಸಿದರು. ಆ ಕಡೆ ತುಸು ಹೊತ್ತು ಮೌನ. ಆಮೇಲೆ, “ಒಂದು ಫಾರಂ ಕಳಿಸ್ತೀನಿ, ನೋಡಿಕೊಡಿ,” ಎಂಬ ಉತ್ತರ ಬಂದಿತು.

ಹದಿನಾರೇ ಪುಟಗಳು, ಹಳ್ಳಿಯ ಶಾಲೆಯೊಂದರ ಚರಿತ್ರೆ. ರಾತ್ರಿ ಹನ್ನೊಂದಾದರೂ ದೀಪ ಆರಲಿಲ್ಲ. ಶ್ರೀಮತಿಯವರು ಬಾಗಿಲಲ್ಲಿ ನಿಂತು, “ಇನ್ನೂ ಆಗಲಿಲ್ವೆ?” ಎಂದರು. ರಾಯರು ತಿರುಗದೆ ಕೈಯೆತ್ತಿ ತಡೆದರು. ಮೂರನೆಯ ಪುಟದ ಕೆಳಗಿನಿಂದ ಎರಡನೆಯ ಸಾಲಿನಲ್ಲಿ, ಊರವರೆಲ್ಲ ಕೂಡಿ ಶಾಲೆಯನ್ನು “ಆರಂಬ” ಮಾಡಿದರೆಂದಿತ್ತು. ರಾಯರು ಕನ್ನಡಕವನ್ನು ಸರಿಪಡಿಸಿಕೊಂಡು, ಆ ಬಕಾರದ ಕೆಳಗೆ ಸೀಳನ್ನು ಸೇರಿಸಿದರು.