ಕರಿ ಹರಿದ ಎತ್ತು

ಸಿಂಧನೂರಿನ ನಮ್ಮ ಚಿಕ್ಕಪ್ಪನ ಮಗ ಸೆಕೆಂಡ್ ಹ್ಯಾಂಡಿನಲ್ಲಿ 230 ಅಶ್ವಶಕ್ತಿಯ ಆಕ್ಟೇವಿಯಾ ಆರ್‌ಎಸ್ ಸೆಡಾನ್ ಕೊಂಡಿದ್ದಾನೆ. ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವಾಗೆಲ್ಲ ಅವನದು ಒಂದೇ ಪ್ರಶ್ನೆ: "ಪಿಎಚ್‌ಡಿ ಮಾಡಾಕತ್ತೀಯಲ್ಲಣ್ಣ, ನೀನೇ ಹೇಳು. ಇದಕ್ಕ ಸ್ಪೋರ್ಟ್ಸ್ ಕಾರು ಅನ್ನಾಕ ಏನಡ್ಡಿ?"

ಬಲವೊಂದನ್ನೇ ನೋಡಿದರೆ ಅಡ್ಡಿಯಿಲ್ಲ. ಬಿಎಂಡಬ್ಲ್ಯು ಕಂಪನಿ 1978ರಲ್ಲಿ ಎಂ1 ಎಂಬ ಸ್ಪೋರ್ಟ್ಸ್ ಕಾರು ತಂದಿತು. ಎರಡೇ ಸೀಟು, ಅವುಗಳ ಬೆನ್ನಿಗೆ 3.5 ಲೀಟರಿನ ಆರು ಸಿಲಿಂಡರ್ ಎಂಜಿನ್. 1985ರಲ್ಲಿ ಅದೇ ಎಂಜಿನ್ನನ್ನು ತಿದ್ದಿ, ನಾಲ್ಕು ಬಾಗಿಲಿನ ಎಂ5 ಸೆಡಾನಿನ ಮೂತಿಯೊಳಗೆ ಕೂರಿಸಿತು. 277 ಇದ್ದ ಅಶ್ವಶಕ್ತಿ 286ಕ್ಕೆ ಏರಿತು. ಆದರೂ ಎಂ5 ಸೆಡಾನಾಗಿಯೇ ಉಳಿಯಿತು. ಎಂಜಿನ್ ಒಂದೇ, ಹುಟ್ಟಿದ ಉದ್ದೇಶ ಬೇರೆ. ಎಂ1ರಲ್ಲಿ ಓಡಿಸುವವನ ಖುಷಿಯೇ ಮೊದಲು. ಸೆಡಾನಿನಲ್ಲಿ ಹಿಂದಿನ ಸೀಟು, ಡಿಕ್ಕಿ ಮೊದಲು. ವೇಗ ಆಮೇಲೆ ಬಂದು ಸೇರಿದ್ದು.

ತಮ್ಮನ ಕಾರಿನ ಹಿಂದಿನ ಸೀಟಿಗೆ ಒರಗಿ ಚಿಕ್ಕಮ್ಮ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಿಬರುತ್ತಾರೆ. ನೆಲಕ್ಕಂಟಿದ ಎರಡು ಸೀಟಿನ ಕಾರಾಗಿದ್ದರೆ ಅವರು ಹತ್ತಿಳಿಯುವುದೇ ಕಷ್ಟವಿತ್ತು. ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರನ್ನು ಹಿಂದಿಕ್ಕುವಾಗ ಎಂಜಿನ್ನಿನ ಬಲವೂ ಬೇಕು. ಎರಡೂ ಒಂದೇ ಕಾರಿನಲ್ಲಿ ಸಿಕ್ಕಿವೆ. ಹಾಗಿರುವಾಗ ಸ್ಪೋರ್ಟ್ಸ್ ಕಾರೆಂಬುದನ್ನು ಸೆಡಾನಿಗಿಂತ ದೊಡ್ಡ ಪದವಿ ಎಂದು ಯಾಕೆ ತಿಳಿಯಬೇಕು?

ನಮ್ಮ ಕಡೆ ಓಟಕ್ಕೆಂದೇ ಸಾಕಿದ ಎತ್ತು ಬೇರೆ, ಹೊಲದ ಎತ್ತು ಬೇರೆ. ಕಾರಹುಣ್ಣಿಮೆಯ ದಿನ ಹೊಲದ ಎತ್ತು ಓಡಿ ಕರಿ ಹರಿದರೆ ಊರೇ ಕೇಕೆ ಹಾಕುತ್ತದೆ. ಆಮೇಲೆ ಅದು ಮತ್ತೆ ನೊಗಕ್ಕೆ ಹೆಗಲು ಕೊಡುತ್ತದೆ. ಅದನ್ನು ಹೊಲದ ಎತ್ತು ಎಂದು ಕರೆದರೆ ಓಡಿದ ಓಟವೇನೂ ಸುಳ್ಳಾಗುವುದಿಲ್ಲ.