ಹಸಿ ಆರುವ ಮುಂಚೆ

ಸೆಪ್ಟೆಂಬರ್ 16ರ ರಾತ್ರಿ ಐನಾಪುರದ ನಮ್ಮ ಓಣಿಯಲ್ಲಿ ಯಾರ ಮನೆಯ ಇಸ್ತ್ರಿಗೂ ಬಿಡುವಿರುವುದಿಲ್ಲ. ಬೆಳಗಾದರೆ ಶಾಲೆಯಲ್ಲಿ ಝಂಡಾ. ನಾಡಿನ ಉಳಿದ ಮಕ್ಕಳಿಗೆ ಆಗಸ್ಟ್ 15 ಮುಗಿದರೆ ಮುಗಿಯಿತು; ನಮ್ಮ ಚಿಂಚೋಳಿ, ಸೇಡಂ, ಚಿತ್ತಾಪುರದ ಮಕ್ಕಳಿಗೆ ಇನ್ನೊಂದು ಬಾಕಿ ಇರುತ್ತದೆ. ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಎಂದಾಯಿತು. ಹೆಸರು ಬದಲಾದರೂ ದಿನ ಅದೇ, ಬಿಳಿ ಅಂಗಿಯೂ ಅದೇ.

ಈ ಸಲ ಅಣ್ಣನ ಮಗನ ಅಂಗಿ ನನ್ನ ಪಾಲಿಗೆ ಬಂತು. ಮಳೆ ಬಿಟ್ಟು ಮಧ್ಯಾಹ್ನ ಬಿಸಿಲು ಚುರುಕಾಗಿದ್ದರಿಂದ ಹಗ್ಗದ ಮೇಲೆ ಅದು ಖಡಕ್ ರೊಟ್ಟಿಯ ಹಾಗೆ ಒಣಗಿತ್ತು. ನಾನು ತಂಬಿಗೆಯಲ್ಲಿ ಬೆರಳದ್ದಿ ಚಿಮುಕಿಸತೊಡಗಿದಾಗ ಹುಡುಗ ಹತ್ತಿರ ಬಂದು ನಿಂತ.

“ಕಾಕಾ, ಈಗರೇ ಒಣಗ್ಯದ. ಮತ್ಯಾಕ ನೀರ ಹೊಡಿಲಕತ್ತೀ?”

“ಒಣಗಿದ್ದಕ್ಕೇ ಹೊಡಿಲಕತ್ತೀನಿ, ತಮ್ಮಾ.”

ಅವನಿಗೆ ಅರ್ಥವಾಗಲಿಲ್ಲ. ಅವನ ವಯಸ್ಸಿನಲ್ಲಿ ನನಗೂ ಆಗಿರಲಿಲ್ಲ. ಇಸ್ತ್ರಿ ಎಂದರೆ ಬೆಂಕಿಯ ಕೆಲಸ ಎಂದು ತಿಳಿದವರೇ ಬಹಳ. ಇಷ್ಟು ವರ್ಷ ಕೈಯಾಡಿಸಿದ ಮೇಲೆ ನಾನು ಹೇಳುವುದು, ಅದು ನೀರಿನ ಕೆಲಸ. ಹತ್ತಿಯ ನೂಲಿನೊಳಗೆ ಸೆಲ್ಯುಲೋಸಿನ ಉದ್ದುದ್ದ ಸರಪಳಿಗಳಿರುತ್ತವೆ, ಅವು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಬಟ್ಟೆ ತೊಯ್ದಾಗ ನೀರು ನಡುವೆ ನುಗ್ಗಿ ಆ ಹಿಡಿತ ಬಿಡಿಸುತ್ತದೆ. ಮುದುಡಿಕೊಂಡೇ ಒಣಗಿದರೆ ಮುದುಡಿದ ಹಾಗೆಯೇ ಮತ್ತೆ ಹಿಡಿದುಕೊಳ್ಳುತ್ತವೆ, ಅದೇ ಸುಕ್ಕು. ಕಾದ ಇಸ್ತ್ರಿ ಮಾಡುವುದು ಇಷ್ಟೇ: ನೀರು ಸಡಿಲಿಸಿದ ನೂಲನ್ನು ಒತ್ತಿ ಮಟ್ಟಸ ಮಾಡುತ್ತದೆ, ನೀರನ್ನು ಆವಿ ಮಾಡಿ ಕಳಿಸುತ್ತದೆ, ನೆಟ್ಟಗಿರುವಾಗಲೇ ಆ ಹಿಡಿತ ಮತ್ತೆ ಕೂಡುತ್ತದೆ. ಒಣಬಟ್ಟೆಯ ಮೇಲೆ ಎಷ್ಟು ತಿಕ್ಕಿದರೂ ರಟ್ಟೆ ನೋಯುತ್ತದೆ, ಸುಕ್ಕು ಅಲ್ಲೇ ಇರುತ್ತದೆ.

ಇದು ನಮ್ಮ ಸೀಮೆಗೆ ಹೆಚ್ಚು ಲಾಗೂ ಆಗುವ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಗಿ ಹಿಂಡಿ ಹಾಕಿ ಒಳಗೆ ಬಂದು ಒಂದು ಲೋಟ ಚಹಾ ಕುಡಿದು ಹೋಗುವಷ್ಟರಲ್ಲಿ ಕಾಲರು ಒಣಗಿ ಸೆಟೆದಿರುತ್ತದೆ. ಅವ್ವ ಅದಕ್ಕೇ ಬಟ್ಟೆಯ ಹಗ್ಗದ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದಳು. ಹೊಲಿಗೆ ಇರುವಲ್ಲಿ, ಕಾಲರಿನ ಮಡಿಕೆಯಲ್ಲಿ, ಇನ್ನೂ ತಂಪು ಉಳಿದಿದೆ ಎನ್ನುವಾಗಲೇ ತೆಗೆದು ತರುತ್ತಿದ್ದಳು. ತಡವಾಗಿ ಒಣಗಿಹೋಗಿದ್ದರೆ ನೀರು ಚಿಮುಕಿಸಿ, ಸುರುಳಿ ಸುತ್ತಿ, ಹಸಿ ಟಾವೆಲ್ಲಿನಲ್ಲಿ ಕಾಲು ಗಂಟೆ ಇಡುತ್ತಿದ್ದಳು. ಬಿಸಿ ಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರೆ ಅದರ ಹಬೆಯೇ ಅದನ್ನು ಮೆತ್ತಗೆ ಇಡುವುದಿಲ್ಲವೇ, ಹಾಗೆ. ಚಿಮುಕಿಸಿದ ಕೂಡಲೇ ಇಸ್ತ್ರಿ ಎಳೆದರೆ ಹನಿ ಬಿದ್ದಲ್ಲಿ ಒಂದು ತರಹ, ಬೀಳದಲ್ಲಿ ಒಂದು ತರಹ ಆಗುತ್ತದೆ. ಸುತ್ತಿಟ್ಟರೆ ಹಸಿ ಎಲ್ಲ ಕಡೆ ಸಮ ಹರಡುತ್ತದೆ. “ಹಸಿ ಆರೂದ್ರಾಗ ಕೈ ಆಡಿಸಬೇಕು ಮಗಾ, ಆರಿದ ಮ್ಯಾಲ ಬೆಂಕಿ ಏನು ಮಾಡ್ತದ?” ಎನ್ನುತ್ತಿದ್ದಳು.

ಆಗ ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇರಲಿಲ್ಲ. ಹಿತ್ತಾಳೆ ತಂಬಿಗೆಯಲ್ಲಿ ಒಲೆಯ ಕೆಂಡ ತುಂಬಿ, ಅದರ ಕಂಠಕ್ಕೆ ಹಸಿ ಅರಿವೆ ಸುತ್ತಿ ಹಿಡಿದು, ತಳದಿಂದ ಅಪ್ಪನ ಅಂಗಿ ತಿಕ್ಕುತ್ತಿದ್ದಳು. ಮುಂದೆ ಕೆಂಡದ ಪೆಟ್ಟಿಗೆ ಬಂತು. ಅದನ್ನು ಬಟ್ಟೆಗೆ ಮುಟ್ಟಿಸುವ ಮುಂಚೆ ಅವ್ವ ಅದರ ತಳಕ್ಕೆ ಒಂದು ಹನಿ ನೀರು ಸಿಡಿಸಿ ನೋಡುತ್ತಿದ್ದಳು. ಹನಿ ಅಲ್ಲೇ ಕೂತು ಗುಳುಗುಳು ಕುದ್ದರೆ ಇನ್ನೂ ಕಾದಿಲ್ಲ. ಚುರ್ ಎಂದು ಆರಿಹೋದರೆ ಹತ್ತಿಗೆ ಸರಿ. ಮುತ್ತಿನ ಹಾಗೆ ದುಂಡಗಾಗಿ ಉರುಳಿ ಜಾರಿಬಿದ್ದರೆ ಅತಿಯಾಗಿ ಕಾದಿದೆ, ಬೂದಿ ಕೊಡವಿ ಸ್ವಲ್ಪ ತಡೆಯಬೇಕು. ಹನಿಯ ಕೆಳಗೆ ಆವಿಯ ಹಾಸು ಹುಟ್ಟಿ ಅದನ್ನು ಎತ್ತಿ ಹಿಡಿಯುವುದರಿಂದ ಅದು ಹಾಗೆ ಉರುಳುತ್ತದೆ ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ.

ಆ ಹನಿ ನೋಡದೆ ಕೈ ಹಾಕಿದ್ದು ನಾನು. ಅಣ್ಣ ಮರುದಿನ ಕಲಬುರಗಿಗೆ ನೌಕರಿಯ ಸಂದರ್ಶನಕ್ಕೆ ಹೋಗಬೇಕಿತ್ತು. ಅವನದೊಂದು ಟೆರಿಲಿನ್ ಅಂಗಿ, ತಿಳಿನೀಲಿ, ಮನೆಯಲ್ಲಿ ಎಲ್ಲಕ್ಕಿಂತ ಬೆಲೆಯ ಬಟ್ಟೆ. ಅವನಿಗೊಂದು ಉಪಕಾರ ಮಾಡೋಣವೆಂದು ಕೆಂಡ ನಿಗಿನಿಗಿ ಇರುವಾಗಲೇ ಪೆಟ್ಟಿಗೆಯನ್ನು ಎದೆಯ ಭಾಗದ ಮೇಲಿಟ್ಟೆ. ಬಟ್ಟೆ ಹೊಗೆಯಾಡಲಿಲ್ಲ, ಸದ್ದೂ ಬರಲಿಲ್ಲ. ಪೆಟ್ಟಿಗೆ ಎತ್ತಿದಾಗ ಅಲ್ಲಿ ಬಟ್ಟೆಯೇ ಕುಗ್ಗಿ ಗಾಜಿನ ಹಾಗೆ ಮಿನುಗುತ್ತಿತ್ತು. ಟೆರಿಲಿನ್ ಹತ್ತಿಯಲ್ಲ, ಕರಗುವ ಪದಾರ್ಥ. ಅಣ್ಣ ಅಪ್ಪನ ಖಾದಿ ಅಂಗಿ ತೊಟ್ಟು ಹೋದ, ತೋಳು ಅವನಿಗೆ ಗಿಡ್ಡ. ಅವನು ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಇಂದಿಗೂ ಚುಚ್ಚುತ್ತದೆ.

ಅಂದಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಕೆಂಡದ ಪೆಟ್ಟಿಗೆಯಾದರೆ ಮೊದಲು ಹತ್ತಿ, ಕೆಂಡ ಆರುತ್ತಾ ಬಂದಾಗ ಟೆರಿಲಿನ್. ಕರೆಂಟಿನದಾದರೆ ತಿರುವುಮುರುವು: ಕಡಿಮೆ ಬಿಸಿಯ ಬಟ್ಟೆ ಮೊದಲು, ಹತ್ತಿ ಕೊನೆಗೆ, ಯಾಕೆಂದರೆ ಅದು ಬೇಗ ಕಾಯುತ್ತದೆ, ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ಅಂಗಿಯ ಒಳಗಿನ ಚೀಟಿಯಲ್ಲಿ ಇಸ್ತ್ರಿಯ ಚಿತ್ರದೊಳಗೆ ಚುಕ್ಕಿಗಳಿರುತ್ತವೆ. ಒಂದು ಚುಕ್ಕಿ ಎಂದರೆ 110 ಡಿಗ್ರಿಯವರೆಗೆ, ಎರಡಕ್ಕೆ 150, ಮೂರಕ್ಕೆ 200. ಚೀಟಿ ಹರಿದುಹೋಗಿದ್ದರೆ ಪ್ಯಾಂಟಿನೊಳಗೆ ಸೇರುವ ಕೆಳಅಂಚಿನ ಮೇಲೆ ಮೊದಲು ಮುಟ್ಟಿಸಿ ನೋಡಬೇಕು.

ಕರೆಂಟಿನ ಇಸ್ತ್ರಿಗೆ ನ್ಯೂಯಾರ್ಕಿನ ಹೆನ್ರಿ ಸೀಲಿ ಪೇಟೆಂಟ್ ಪಡೆದದ್ದು 1882ರಲ್ಲಿ. ನಮ್ಮ ಮನೆಗೆ ಅದು ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಬಂದ ಮೇಲೂ ಹಾಸು ಬದಲಾಗಲಿಲ್ಲ. ಶಹಾಬಾದಿನ ಫರಸಿ ನಮ್ಮ ಕಡೆ ನೆಲಕ್ಕೂ ಹೌದು, ಕಟ್ಟೆಗೂ ಹೌದು, ಹೊಲದ ಬೇಲಿಗೂ ಹೌದು. ಪಡಸಾಲೆಯ ಫರಸಿ ಕಟ್ಟೆಯೇ ನಮ್ಮ ಇಸ್ತ್ರಿ ಮೇಜು. ಬರೀ ಕಲ್ಲಿನ ಮೇಲೆ ಮಾಡಿದರೆ ಕಲ್ಲು ಬಿಸಿಯನ್ನು ಹೀರಿಕೊಳ್ಳುತ್ತದೆ, ಗುಂಡಿ ಒಡೆಯುತ್ತದೆ, ಹೊಲಿಗೆಯ ಗುರುತು ಮೇಲೆ ಮೂಡುತ್ತದೆ. ಅದಕ್ಕೆ ಕುರಿಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಮೇಲೊಂದು ಹಳೆಯ ಧೋತರ ಹಾಸುತ್ತೇವೆ. ಗುಂಡಿಪಟ್ಟಿಯನ್ನು ಕೆಳಮುಖ ಮಾಡಿ ಹಿಂದಿನಿಂದ ಒತ್ತಿದರೆ ಗುಂಡಿಗಳು ಕಂಬಳಿಯ ಮೆತ್ತೆಯಲ್ಲಿ ಹುದುಗುತ್ತವೆ, ಪಟ್ಟಿ ಮಟ್ಟಸ ಬರುತ್ತದೆ. ನಾನು ನೋಡಿದ ಯಾವ ಅಂಗಡಿಯ ಇಸ್ತ್ರಿ ಹಲಗೆಯೂ ಈ ಕಟ್ಟೆಗೆ ಸಮವಲ್ಲ.

ಮೊದಲು ಕಾಲರು. ಅದರ ಹಿಂಬದಿ ಮೊದಲು, ಎದುರು ಆಮೇಲೆ. ಎರಡೂ ತುದಿಗಳಿಂದ ನಡುವಿಗೆ ಬರಬೇಕು. ನಡುವಿನಿಂದ ತುದಿಗೆ ತಳ್ಳಿದರೆ ಬಟ್ಟೆ ಸರಿದು ಸರಿದು ತುದಿಯಲ್ಲಿ ಗುಬ್ಬಿಯ ಕೊಕ್ಕಿನ ಹಾಗೆ ಒಂದು ಮಡಿಕೆ ನಿಲ್ಲುತ್ತದೆ. ಇಡೀ ಅಂಗಿಯಲ್ಲಿ ಎದುರಿಗೆ ಬಂದವರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಆಮೇಲೆ ಹೆಗಲಿನ ಪಟ್ಟಿ, ತೋಳಿನ ಕಫ್, ತೋಳು. ತೋಳನ್ನು ಕಂಕುಳಿನ ಹೊಲಿಗೆ ಹಿಡಿದು ಹಾಸಿ ಅಂಗೈಯಿಂದ ಸವರಿ ಸಮ ಮಾಡಿದ ಮೇಲೆಯೇ ಇಸ್ತ್ರಿ ಇಡಬೇಕು. ಎದೆ, ಬೆನ್ನು ಕೊನೆಗೆ. ದೊಡ್ಡ ಭಾಗ ಮೊದಲು ಮುಗಿಸಿದರೆ ಸಣ್ಣದನ್ನು ತಿರುವುವಾಗ ಅದೆಲ್ಲ ಮತ್ತೆ ಮುದುಡುತ್ತದೆ.

ಹಬೆಯ ಇಸ್ತ್ರಿ ಕೊಂಡವರಿಗೆ ಒಂದು ಮಾತು. ನಮ್ಮ ಸೀಮೆಯ ನೆಲದಡಿ ಸುಣ್ಣಕಲ್ಲು. ಶಹಾಬಾದ, ವಾಡಿ, ಸೇಡಂಗಳಿಗೆ ಸಿಮೆಂಟ್ ಕಾರ್ಖಾನೆ ಬಂದದ್ದೇ ಅದರಿಂದ. ಬೋರಿನ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯದಿರುವುದಕ್ಕೂ, ಸಾಬೂನು ನೊರೆ ಬಿಡದಿರುವುದಕ್ಕೂ ಅದೇ ಕಾರಣ. ಆ ನೀರನ್ನು ಇಸ್ತ್ರಿಗೆ ಹಾಕಿದರೆ ಕೆಲವು ತಿಂಗಳಲ್ಲಿ ಹಬೆಯ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ಒಂದು ದಿನ ಅದೇ ಸುಣ್ಣ ಕಪ್ಪು ಪ್ಯಾಂಟಿನ ಮೇಲೆ ಉದುರುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ಕೊಡದ ನೀರನ್ನೇ ಹಾಕಬೇಕು, ಇಲ್ಲವೇ ಸೋಸಿದ ಮಳೆನೀರು.

ಒಂದು ಅಂಗಿಗೆ ಇಷ್ಟು ಕೆಲಸ. ಇದನ್ನೇ ದಿನವಿಡೀ ನಿಂತು, ಐದಾರು ಕಿಲೋ ಭಾರದ ಕೆಂಡದ ಪೆಟ್ಟಿಗೆ ಹಿಡಿದು, ಊರವರೆಲ್ಲರ ಅಂಗಿಗೆ ಮಾಡುವವರಿದ್ದಾರೆ. ಕಲ್ಯಾಣದಲ್ಲಿ ಶರಣರ ಬಟ್ಟೆ ಮಡಿ ಮಾಡಿದ ಮಡಿವಾಳ ಮಾಚಿದೇವರ ಜಯಂತಿಯನ್ನು ಫೆಬ್ರವರಿ 1ರಂದು ಭಕ್ತಿಯಿಂದ ಆಚರಿಸುತ್ತೇವೆ. ಮರುದಿನ ಇಸ್ತ್ರಿಯವನು ಅಂಗಿಗೆ ಒಂದು ರೂಪಾಯಿ ಹೆಚ್ಚಿಗೆ ಕೇಳಿದರೆ ಚೌಕಾಸಿಗೆ ನಿಲ್ಲುತ್ತೇವೆ. ಮನೆಯಲ್ಲಿ ಒಮ್ಮೆ ಹತ್ತು ಅಂಗಿ ಸರಿಯಾಗಿ ಇಸ್ತ್ರಿ ಮಾಡಿ ನೋಡಿದವರು ಹಾಗೆ ನಿಲ್ಲಲಾರರು.

ಹುಡುಗನ ಅಂಗಿ ಮುಗಿಯಿತು. ಕೈಗೆ ಕೊಟ್ಟ ಕೂಡಲೇ ತೊಡಲು ಹೋದ. ತಡೆದು, ಹ್ಯಾಂಗರಿಗೆ ಹಾಕಿ ಗೂಟಕ್ಕೆ ತೂಗುಬಿಟ್ಟೆ. ಬಿಸಿಯಿರುವಾಗ ನೂಲು ಇನ್ನೂ ಮೆತ್ತಗಿರುತ್ತದೆ. ಒಳಗೆ ಉಳಿದ ಚೂರುಪಾರು ಹಸಿಯೂ ಹೋಗಿ ತಣ್ಣಗಾಗುವ ಮೊದಲು ಮಡಚಿದರೆ, ತೊಟ್ಟು ಕೂತರೆ, ಮಾಡಿದ್ದೆಲ್ಲ ಹೋಗುತ್ತದೆ.

“ಹಂಗಾರ ಚಡ್ಡಿ ನಾ ಮಾಡ್ತೀನಿ ಕಾಕಾ,” ಎಂದ. ಕಟ್ಟೆ ಅವನ ಎದೆಮಟ್ಟಕ್ಕಿತ್ತು. ಕಾಲಿಗೊಂದು ಮಣೆ ಕೊಟ್ಟೆ. ಅವನು ತಂಬಿಗೆಯನ್ನು ಹತ್ತಿರ ಎಳೆದುಕೊಂಡ. ಅದು ಅದೇ ಹಿತ್ತಾಳೆ ತಂಬಿಗೆ. ಎಷ್ಟು ಹುಣಸೆಹಣ್ಣು ಹಾಕಿ ತಿಕ್ಕಿದರೂ ಕೆಂಡದ ಕಪ್ಪು ಅದರ ಒಳತಳದಿಂದ ಹೋಗಿಲ್ಲ. ಅವನು ಮುಂಗೈವರೆಗೆ ಅದ್ದಿ ಚಡ್ಡಿಯ ಮೇಲೆ ನೀರು ಕೊಡವಿದ. ಇಸ್ತ್ರಿಗೆ ಕೈ ಹಾಕುವಷ್ಟರಲ್ಲಿ, ಹೊರಸಿನ ಮೇಲೆ ಕೂತಿದ್ದ ಅವ್ವ ಎದ್ದು ಬಂದಳು. ಅಂಗೈ ಹಿಂಭಾಗವನ್ನು ಬಟ್ಟೆಯ ಮೇಲಿಟ್ಟು ನೋಡಿದಳು.

“ಹೆಚ್ಚಾಯ್ತೋ ನನ್ನಪ್ಪಾ. ಸುತ್ತಿ ಇಡು. ಊಟ ಮಾಡಿ ಬಾ.”