ಚಾರ್ಲ್ಸ್‌ಟನ್ ಶಿಖರದ ಮೌನ

ಅಮೆರಿಕ ಸಂಯುಕ್ತ ಸಂಸ್ಥಾನಗಳ ನೆವಾಡ ರಾಜ್ಯದಲ್ಲಿರುವ ಲಾಸ್ ವೆಗಾಸ್ ನಗರವು ಇರುಳನ್ನು ಹಗಲಾಗಿಸುವ ದೀಪಗಳಿಗೂ ಜೂಜಿನ ಮಂದಿರಗಳಿಗೂ ಹೆಸರಾದುದು. ಆ ಗದ್ದಲವನ್ನು ಹಿಂದಿಕ್ಕಿ ವಾಯವ್ಯದ ಕಡೆಗೆ ಒಂದು ಗಂಟೆಯಷ್ಟು ಪ್ರಯಾಣ ಮಾಡಿದರೆ ಬೇರೊಂದು ಲೋಕವೇ ಎದುರಾಗುತ್ತದೆ. ಮರುಭೂಮಿಯ ಜೋಷುವಾ ಮರಗಳು ಹಿಂದೆ ಸರಿಯುತ್ತವೆ. ಪೈನ್ ವೃಕ್ಷಗಳ ತಂಪು ತೀಡತೊಡಗುತ್ತದೆ. ಮೇಲೆ ೧೧,೯೧೬ ಅಡಿ ಎತ್ತರದ ಚಾರ್ಲ್ಸ್‌ಟನ್ ಶಿಖರ. ಕೆಳಗೆ ಕೈಲ್ ಕಣಿವೆ.

ಕಣಿವೆಯಲ್ಲಿ ಒಂದು ಸ್ಮಾರಕವಿದೆ. ಅಲ್ಲಿ ವಿಜಯಸ್ತಂಭವಿಲ್ಲ, ಕುದುರೆಯೇರಿದ ಸೇನಾನಿಯಿಲ್ಲ. ಹಳೆಯ ವಿಮಾನವೊಂದರ ಪ್ರೊಪೆಲರ್ ಇದೆ. ಅದರ ಹಿಂದಿರುವ ಕಥೆಯನ್ನರಿಯದೆ ಮುಂದೆ ಸಾಗುವ ಪ್ರವಾಸಿಯು ಬೆಟ್ಟವನ್ನು ಕಂಡಂತಾದೀತೇ ಹೊರತು ಸ್ಥಳವನ್ನು ಕಂಡಂತಾಗದು.

೧೯೫೪ರಲ್ಲಿ ಅಮೆರಿಕವೂ ಸೋವಿಯೆತ್ ದೇಶವೂ ಪರಸ್ಪರ ಸಂಶಯದಿಂದ ಬೇಯುತ್ತಿದ್ದುವು. ಎದುರಾಳಿಯ ಬಳಿ ಎಷ್ಟು ಬಾಂಬರುಗಳಿವೆಯೆಂಬುದು ಅಮೆರಿಕಕ್ಕೆ ತಿಳಿಯದು. ತಿಳಿಯದಿರುವಲ್ಲಿ ಭಯ ಬೆಳೆಯುತ್ತದೆ. ಅಂದಿನ ಕಾದಾಟದ ವಿಮಾನಗಳಿಗೆ ಎಟುಕದ ೭೦,೦೦೦ ಅಡಿ ಎತ್ತರದಲ್ಲಿ ಗಂಟೆಗಟ್ಟಲೆ ಹಾರಿ ಚಿತ್ರ ತೆಗೆಯಬಲ್ಲ ವಿಮಾನವೊಂದು ಬೇಕಾಯಿತು. ನವೆಂಬರಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅನುಮತಿಯಿತ್ತರು. ಲಾಕ್‌ಹೀಡ್ ಸಂಸ್ಥೆಯ ಕೆಲ್ಲಿ ಜಾನ್ಸನ್ ಎಂಟು ತಿಂಗಳಲ್ಲಿ ಮೊದಲ ವಿಮಾನವನ್ನು ಸಿದ್ಧಪಡಿಸುವೆನೆಂದು ಮಾತು ಕೊಟ್ಟರು, ಉಳಿಸಿಕೊಂಡರು.

ಅದೇ ಯು-೨. ಐವತ್ತು ಅಡಿಯ ಒಡಲಿಗೆ ಎಂಬತ್ತು ಅಡಿಯ ರೆಕ್ಕೆ! ಅಷ್ಟು ಮೇಲೆ ಗಾಳಿ ಬಲು ತೆಳುವು. ಉದ್ದನೆಯ ರೆಕ್ಕೆಯಿಲ್ಲದೆ ವಿಮಾನಕ್ಕೆ ಆಧಾರವಿಲ್ಲ. ಕವಚದಂಥ ಉಡುಪಿಲ್ಲದೆ ಚಾಲಕನಿಗೆ ಉಳಿವಿಲ್ಲ. ಅಲ್ಲಿ ಒಡಲಿನ ದ್ರವವೇ ಆವಿಯಾಗತೊಡಗುತ್ತದೆ.

ಈ ಗುಟ್ಟಿನ ಹಕ್ಕಿಗೆ ಗುಟ್ಟಿನ ಗೂಡು ಬೇಕಷ್ಟೆ. ಲಾಸ್ ವೆಗಾಸಿನ ಉತ್ತರಕ್ಕೆ, ಬೋಳು ಬೆಟ್ಟಗಳ ನಡುವೆ, ಗ್ರೂಮ್ ಲೇಕ್ ಎಂಬ ಒಣಗಿದ ಸರೋವರವಿದೆ. ಹೆಸರಿಗೆ ಸರೋವರ, ನೋಟಕ್ಕೆ ಬೆಳ್ಳಗಿನ ಬಯಲು. ೧೯೫೫ರ ಆಗಸ್ಟ್ ೧ರಂದು ಅಲ್ಲಿ ವಿಮಾನವನ್ನು ನೆಲದ ಮೇಲೆ ಓಡಿಸಿ ನೋಡುತ್ತಿದ್ದಾಗ, ಚಾಲಕ ಟೋನಿ ಲೆವಿಯರ್ ಬಯಸದಿದ್ದರೂ, ಅದು ತಾನಾಗಿಯೇ ಸುಮಾರು ೩೫ ಅಡಿ ಮೇಲೆದ್ದಿತಂತೆ. ಹಾರಲೆಂದೇ ಹುಟ್ಟಿದ್ದಕ್ಕೆ ನೆಲ ಒಗ್ಗೀತೆ?

ಕೆಲಸಗಾರರು ಕ್ಯಾಲಿಫೋರ್ನಿಯದ ಬರ್ಬ್ಯಾಂಕಿನಿಂದ ವಿಮಾನದಲ್ಲಿ ಈ ಬಯಲಿಗೆ ಬಂದುಹೋಗುತ್ತಿದ್ದರು. ಎಲ್ಲಿಗೆ, ಏಕೆ ಎಂಬುದನ್ನು ಹೆಂಡತಿಗೂ ಹೇಳುವಂತಿರಲಿಲ್ಲ. ನವೆಂಬರ್ ೧೭ರ ಬೆಳಗ್ಗೆ ಹದಿನಾಲ್ವರನ್ನು ಹೊತ್ತು ಹೊರಟ ಸಿ-೫೪ ವಿಮಾನವು ಹಿಮಬಿರುಗಾಳಿಗೆ ಸಿಕ್ಕಿ ದಾರಿ ತಪ್ಪಿತು. ಚಾರ್ಲ್ಸ್‌ಟನ್ನಿನ ಏಣನ್ನು ದಾಟಲು ಇನ್ನು ಸ್ವಲ್ಪವೇ ಎತ್ತರ ಬೇಕಾಗಿತ್ತು, ಸಾಲದೆ ಹೋಯಿತು. ಯಾರೊಬ್ಬರೂ ಉಳಿಯಲಿಲ್ಲ. ೭೦,೦೦೦ ಅಡಿಯ ಕನಸನ್ನು ಕಟ್ಟುತ್ತಿದ್ದವರನ್ನು ಅದರ ಐದರಲ್ಲೊಂದು ಪಾಲೂ ಇಲ್ಲದ ಬೆಟ್ಟವು ತಡೆದುಬಿಟ್ಟಿತು.

ದೇಹಗಳು ಮನೆ ಸೇರಿದುವು, ಸತ್ಯ ಸೇರಲಿಲ್ಲ. ನಾಲ್ಕು ದಶಕಗಳಿಗೂ ಮೀರಿ ಆ ಮನೆಗಳವರಿಗೆ, ತಮ್ಮವರು ಯಾವ ಕೆಲಸಕ್ಕೆ ಹೋಗಿ ಮಡಿದರೆಂಬುದು ತಿಳಿದಿರಲಿಲ್ಲ. ಗ್ರೂಮ್ ಲೇಕಿನಲ್ಲಿ ಯು-೨ರ ಪರೀಕ್ಷೆ ನಡೆಯಿತೆಂಬುದನ್ನು ಅಮೆರಿಕದ ಗುಪ್ತಚರ ಸಂಸ್ಥೆಯು ಮುಚ್ಚುಮರೆಯಿಲ್ಲದೆ ಒಪ್ಪಿದ್ದು ೨೦೧೩ರಲ್ಲಿ. ಸ್ಮಾರಕ ತೆರೆದದ್ದು ೨೦೧೫ರಲ್ಲಿ. ತಂದೆಯನ್ನು ಕಳೆದುಕೊಂಡಿದ್ದ ಮಕ್ಕಳು ಅಷ್ಟರಲ್ಲಿ ತಾವೇ ಮುದುಕರಾಗಿದ್ದರು.

ವಿದ್ಯೆಯು ಅಲ್ಲಿಗೇ ನಿಲ್ಲಲಿಲ್ಲ. ೨೦೦೮ರಲ್ಲಿ ಗ್ಲೋಬಲ್ ಹಾಕ್ ಎಂಬ ವಿಮಾನವು ಒಡಲಲ್ಲಿ ಮನುಷ್ಯನೇ ಇಲ್ಲದೆ ೩೩ ಗಂಟೆಗಳ ಕಾಲ ಆಕಾಶದಲ್ಲಿ ನಿಂತಿತು. ಈಗ ಅಂಥ ಕಣ್ಣಿಗೆ ದಣಿವಿಲ್ಲ, ನಿದ್ರೆಯಿಲ್ಲ. ಅದನ್ನು ರೂಪಿಸಿದವರಿಗೂ ಮನೆಯಿದೆ, ಸಂಜೆ ಬಾಗಿಲಲ್ಲಿ ಕಾಯುವವರಿದ್ದಾರೆ.

ಶಿಖರದ ಹಾದಿಯಲ್ಲಿ ಇಂದಿಗೂ ಆ ಸಿ-೫೪ರ ಚೂರುಗಳು ಬಿದ್ದಿವೆ. ಮೇಲಿನ ಏಣಿನಲ್ಲಿ ಗಾಳಿಗೆ ತಿರುಚಿಕೊಂಡ ಬ್ರಿಸಲ್‌ಕೋನ್ ಪೈನುಗಳು ಅವುಗಳನ್ನು ನೋಡುತ್ತ ನಿಂತಿವೆ. ಹತ್ತಿ ಬಂದವರು ಅಲ್ಲಿ ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ಅಷ್ಟು ವರ್ಷ ಬಲವಂತದ ಮೌನದಲ್ಲಿದ್ದ ಬೆಟ್ಟಕ್ಕೆ ಮನಸಾರೆ ಸಲ್ಲುವ ಮೌನ ಅದು.